ಹತ್ತಿ ಬಿಡಿಸುವ ರಜೆ

೧೯೦೮ರಲ್ಲಿ ಹುನಗುಂದದ ಸಾಲಿ ತಪಾಸಣೆಗೆ ಬಂದ ಸಾಹೇಬರು ಊರವರನ್ನು ಕರೆಸಿ, "ಸಂಕ್ರಾಂತಿ ಮುಗೀತಂದ್ರ ಮಕ್ಕಳು ಯಾಕ ಬರೂದಿಲ್ಲ?" ಎಂದು ಗದರಿದರು. ಮಗಳು ಹುಸೇನಬಿಯನ್ನು ಸಾಲಿಗೆ ಕಳಿಸುತ್ತಿದ್ದ ಲಾಡಬಿಗೆ ಸುಮ್ಮನಿರಲಾಗಲಿಲ್ಲ.

"ಆಗ ಹತ್ತಿ ಬಿಡಿಸೂ ಸುಗ್ಗಿರಿ. ಮನಿಮಂದಿಯೆಲ್ಲಾ ಹೊಲದಾಗ ಇರ್ತೇವಿ. ಬ್ಯಾಸಗಿ ರಜಾದಾಗಿನ ಅರ್ಧಾ ಈ ಸುಗ್ಗಿಗೆ ಕೊಡ್ರಿ."

"ಬ್ಯಾಸಗಿ ಬಿಸಲಾಗ ಹೆಂಗ ಕಲಿಸೂದು?" ಎಂದರು ಕಾಶಪ್ಪ ಮಾಸ್ತರು.

"ನಸಿಕಿನ್ಯಾಗ ಸಾಲಿ ಚಾಲೂ ಮಾಡ್ರಿ, ಬಿಸಲೇರೂದ್ರಾಗ ಬಿಡ್ರಿ."

ಸಾಹೇಬರು ಯೋಚಿಸಿ, ಅದನ್ನು ಬರೆದುಕೊಂಡು ಹೋದರು.

ಮರುವರ್ಷ ಹತ್ತಿ ಒಡೆಯುವ ಹೊತ್ತಿಗೆ ಹೊಸ ರಜೆಯ ಹುಕುಂ ಬಂತು. ಸಾಲಿಯ ಗೋಡೆಗೆ ಅಂಟಿಸಿದ ಆ ಕಾಗದವನ್ನು ಓದುಬಾರದ ತಾಯಿಗೆ ಹುಸೇನಬಿಯೇ ಓದಿ ಹೇಳಿದಳು.

"ಇನ್ನೊಮ್ಮಿ ಓದು, ಗಟ್ಟಿಯಾಗಿ," ಎಂದಳು ಲಾಡಬಿ, ನೆರೆದವರಿಗೆಲ್ಲ ಕೇಳಲೆಂದು.