ಕಿವಿಯ ಹಿಂದಿನ ಗಂಟು

ಶೈಲಶ್ರೀಯ ತಲೆಯೊಳಗಿನ ನೀರಿಗೆ ತಾನಾಗಿ ಹರಿದುಹೋಗುವ ದಾರಿ ಇರಲಿಲ್ಲ. ಕೂಸಿದ್ದಾಗಲೇ ಸೊಲ್ಲಾಪುರದಲ್ಲಿ ನಳಿಕೆ ಹಾಕಿಸಿದ್ದರು. ಬಲಗಿವಿಯ ಹಿಂದಿನಿಂದ ಕುತ್ತಿಗೆಯ ಚರ್ಮದಡಿ ಇಳಿದು ಅದು ಹೊಟ್ಟೆಗೆ ನೀರು ಬಿಡುತ್ತಿತ್ತು. ಇಪ್ಪತ್ತಮೂರು ವರ್ಷ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ತಮ್ಮೂರು ಕನ್ನೊಳ್ಳಿಯಲ್ಲಿ ಇದು ಯಾರಿಗೂ ತಿಳಿಯದಂತೆ ಅವ್ವ ಗುರವ್ವ ನೋಡಿಕೊಂಡಿದ್ದಳು.

ನಾಲತವಾಡದ ಹುಡುಗನೊಂದಿಗೆ ಮದುವೆ ನಿಶ್ಚಯವಾದ ತಿಂಗಳಲ್ಲೇ ಬೆಳಗಿನ ತಲೆನೋವು ಶುರುವಾಯಿತು. ಎದ್ದ ಕೂಡಲೇ ವಾಂತಿ. ಸಿಂದಗಿಯ ಶಾಲೆಯಲ್ಲಿ ಪಾಠ ಹೇಳುವಾಗ ಬಗ್ಗಿ ಎದ್ದರೆ ಕಣ್ಣಿಗೆ ಕತ್ತಲೆ. ಗುರವ್ವ ಅವಳನ್ನು ಡಾಕ್ಟರ್ ಅನಿಲಕುಮಾರನ ದವಾಖಾನೆಗೆ ಕರೆದೊಯ್ದಳು. ಅವನು ಹುಡುಗನ ಅಕ್ಕನ ಗಂಡ. ಬೀಗರ ಪೈಕಿ ಡಾಕ್ಟರ್ ಇರುವಾಗ ಬೇರೆಯವರ ಬಾಗಿಲಿಗೆ ಹೋದರೆ ಅವರು ಏನಂದುಕೊಂಡಾರು?

"ಹಿಂದ ಏನರೆ ಆಪರೇಶನ್ ಆಗೇತೇನ್ರಿ, ಅತ್ತಿ?"

"ಇಲ್ರಿ. ಕಲ್ಲಿನಂಥಾ ಹುಡುಗಿ."

ಅವನು ಪಿತ್ತದ ಗುಳಿಗೆ ಬರೆದುಕೊಟ್ಟ. ಶೈಲಶ್ರೀಯೂ ಸುಮ್ಮನಿದ್ದಳು. ಮದುವೆ ಅವಳಿಗೂ ಬೇಕಿತ್ತು. ಹುಡುಗ ಫೋನಿನಲ್ಲಿ ಚೆನ್ನಾಗಿ ನಗಿಸುತ್ತಿದ್ದ.

ಗುಳಿಗೆ ಮುಗಿಯುವಷ್ಟರಲ್ಲಿ ಎಡಗಣ್ಣಿಗೆ ಮಂಜು ಕವಿಯಿತು, ಬಲಗಣ್ಣೂ ಮಸುಕಾಯಿತು. ಬಸ್ಸಿನ ಬೋರ್ಡು ಓದಲಾಗದೆ, ಊರಿನದೆಂದು ಇಂಡಿಯ ಬಸ್ಸು ಹತ್ತಿ ಕುಳಿತವಳನ್ನು ಕಂಡಕ್ಟರ್ ಇಳಿಸಿದ. ಮನೆಗೆ ಬಂದವಳೇ ಅಂದಳು, "ನಳಗಿ ಕೆಟ್ಟೈತಿ. ಡಾಕ್ಟರಿಗೆ ಹೇಳೂಣಬೇ ಯವ್ವಾ."

"ಮದಿವಿ ಆಗ್ಲಿ, ಆಮ್ಯಾಲ ಹೇಳೂಣು. ಈಗ ಬಾಯಿ ಬಿಟ್ಟಿ ಅಂದ್ರ ನಿನ್ನ ಯಾರು ಮಾಡ್ಕೋತಾರ?"

"ಕುರುಡಿನ್ನ ಮಾಡ್ಕೋತಾರೇನು?"

ಮರುದಿನ ಮತ್ತೆ ಅದೇ ದವಾಖಾನೆ. ಕಣ್ಣು ಮಸುಕಾಗಿದೆ ಎಂದದ್ದಕ್ಕೆ ಅನಿಲಕುಮಾರ ನಕ್ಕ. "ಮದಿವಿ ಹೆದರಿಕಿಗೆ ಹಿಂಗಾಕ್ಕೈತಿ. ನಮ್ಮ ಹುಡುಗ ಏನ್ ಹುಲಿ ಅಲ್ಲ ಬಿಡವಾ."

ಗುರವ್ವನೂ ನಕ್ಕಳು. ಶೈಲಶ್ರೀ ಜಡೆ ಸರಿಸಿ, ಅವನ ಕೈ ಹಿಡಿದು ತನ್ನ ಕಿವಿಯ ಹಿಂದೆ ಒತ್ತಿದಳು.

"ಇದು ತಲ್ಯಾಗಿನ ನೀರು ಇಳಿಯೋ ನಳಗಿ ರೀ. ಸಣ್ಣಾಕಿ ಇದ್ದಾಗಿಂದ ಐತಿ. ಈಗ ಕೆಟ್ಟೈತಿ."

"ಅದು ಬರೇ ಗಂಟ್ರೀ..." ಗುರವ್ವ ನಡುವೆ ಬಾಯಿ ಹಾಕಿದಳು.

"ನೀ ಸುಮ್ನಿರಬೇ. ತಲಿ ನಂದು."

ಅನಿಲಕುಮಾರ ಕುತ್ತಿಗೆಯವರೆಗೆ ಬೆರಳಾಡಿಸಿದ. ಕಣ್ಣೊಳಗೆ ದೀಪ ಬಿಟ್ಟು ಬಹಳ ಹೊತ್ತು ನೋಡಿದ. ನಗೆ ಇಳಿದುಹೋಯಿತು.

"ಕಣ್ಣಿನ ನರ ಬಾತೈತಿ. ಮೊದಲ ದಿನಾನ ಹೇಳಿದ್ರ ಅವತ್ತ ಸೊಲ್ಲಾಪುರಕ್ಕ ಕಳಸ್ತಿದ್ದೆ. ಈಗಿಂದೀಗ ಹೊಂಡ್ರಿ."

"ನಿಮ್ಮ ಮಂದಿಗೆ ಹೇಳಬ್ಯಾಡ್ರಿ," ಗುರವ್ವ ಕೈ ಮುಗಿದಳು.

"ಅವ್ರ್ಯಾಕ ಹೇಳ್ತಾರ? ನಾನ ಹೇಳ್ತೇನಿ," ಎಂದ ಶೈಲಶ್ರೀ ಅಲ್ಲಿಂದಲೇ ಹುಡುಗನಿಗೆ ಫೋನು ಹಚ್ಚಿ ಎಲ್ಲ ಹೇಳಿದಳು. ಅವನು, "ಮನ್ಯಾಗ ಕೇಳಿ ಹೇಳ್ತೇನಿ," ಅಂದ.

"ಕೇಳಬ್ಯಾಡ್ರಿ. ಮನ್ಯಾಗ ಕೇಳಿ ಹೇಳಾವ ನನಗ ಬ್ಯಾಡ."

ಸೊಲ್ಲಾಪುರದ ಸ್ಕ್ಯಾನಿನಲ್ಲಿ ಮೆದುಳಿನ ನೀರಿನ ಕೋಣೆಗಳು ಉಬ್ಬಿದ್ದು ಕಂಡಿತು. ಎಕ್ಸ್‌ರೇಯಲ್ಲಿ ನಳಿಕೆ ಕುತ್ತಿಗೆಯ ಹತ್ತಿರ ತುಂಡಾಗಿತ್ತು. ಅವತ್ತೇ ಹೊಸದು ಹಾಕಿದರು. ಬಲಗಣ್ಣು ಉಳಿಯಿತು.

ಹೋದದ್ದು ಕಣ್ಣು ಒಂದು, ಸಂಬಂಧ ಒಂದು.