ಮಚ್ಚೆ ತೆಗೆಯುವುದಿಲ್ಲ

ಅಪ್ಪ ಮಗಳ ತಲೆಗೆ ಕೂದಲು ಕೂರಿಸುತ್ತಿದ್ದ. ಎಡಗಡೆಯದು ಹೇಳಿದ ಮಾತು ಕೇಳಿ ಕೂತಿತ್ತು. ಬಲಗಿವಿಯ ಹಿಂದಿನ ಒಂದು ಎಳೆ ಮಾತ್ರ ತಲೆಗೂ ತನಗೂ ಸಂಬಂಧವಿಲ್ಲ ಎಂಬಂತೆ ಗಾಳಿಯಲ್ಲಿ ನಿಂತಿತ್ತು. ಅವನು ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಆ ಎಳೆಯ ಬುಡಕ್ಕೆ ಮೌಸಿನಿಂದ ಒಂದಿಷ್ಟು ನೆರಳು ಬಳಿದ.

ಮಹಡಿಯ ಮೇಲೆ ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು. ಕೆಳಗೆ ಅವನ ಫೋಟೊ ಸ್ಟುಡಿಯೋ, ಮೇಲೆ ಮನೆ. ಹಿಂದಿನ ರಾತ್ರಿ ಮನೆಯಿಂದ ಮತ್ತೆ ಆಸ್ಪತ್ರೆಗೆ ಒಯ್ದಿದ್ದ ಮಗಳು ಆ ದಿನ ನಸುಕಿಗೆ ಅಲ್ಲೇ ತೀರಿಕೊಂಡಿದ್ದಳು. ವ್ಯಾನು ಮಧ್ಯಾಹ್ನದ ಹೊತ್ತಿಗೆ ಅವಳನ್ನು ಬಾಗಿಲಿಗೆ ತಂದು, ಸ್ವಲ್ಪ ಹೊತ್ತು ನಿಂತು, ಹಾಗೆಯೇ ಸ್ಮಶಾನಕ್ಕೆ ಹೊರಡುವುದೆಂದು ಮಾತಾಗಿತ್ತು. ಅಲ್ಲಿಯವರೆಗೆ ಬಂದವರಿಗೆ ನೋಡಲು ಒಂದು ಮುಖ ಬೇಕಲ್ಲ. ಅವನು ಆಸ್ಪತ್ರೆಯಿಂದ ಬಂದವನೇ ಮೇಲೆ ಹತ್ತದೆ ಸ್ಟುಡಿಯೋದ ಷಟರ್ ಎತ್ತಿ ಒಳಗೆ ಕೂತಿದ್ದ.

ಹೆಂಡತಿಯ ತಮ್ಮ ಮೆಟ್ಟಿಲಿಳಿದು ಬಂದ. "ಭಾವ, ಮೇಲೆ ಫೋಟೊ ಕೇಳ್ತಾ ಇದಾರೆ. ಆಯ್ತಾ?"

"ಆಯ್ತು. ತಲೆ ಬಾಚ್ತಾ ಇದೀನಿ."

ಭಾಮೈದ ಪರದೆಯತ್ತ ನೋಡಿದ. ಭಾವನ ಹೆಗಲ ಮೇಲೊಮ್ಮೆ ಕೈಯಿಟ್ಟು ವಾಪಸು ಹತ್ತಿಹೋದ.

ಪರದೆಯ ಮೇಲಿನ ಕೆನ್ನೆ ಮಗಳ ಎಂಟನೆಯ ತರಗತಿಯದು, ಕಾಯಿಲೆಗೆ ಮೊದಲಿನದು. ಹುಬ್ಬೂ ಆಗಿನದೇ. ಕಣ್ಣು ಮಾತ್ರ ಈಚಿನದು. ಆದರೆ ಹಳೆಯ ಫೋಟೊಗಳಲ್ಲೆಲ್ಲ ಕೂದಲನ್ನು ಎಳೆದು ಜಡೆ ಬಿಗಿದಿದ್ದರು, ಎಷ್ಟು ದೊಡ್ಡದು ಮಾಡಿದರೂ ತಲೆಗೆ ಟಾರು ಹಾಕಿದಂತೆ ಕಾಣುತ್ತಿತ್ತು. ಅದಕ್ಕೇ ಕೂದಲನ್ನು ಹಿಂದಿನ ಬೀದಿಯ ಟೈಪಿಂಗ್ ಟೀಚರಿಂದ ತೆಗೆದುಕೊಂಡಿದ್ದ. ಆಕೆ ಮೊನ್ನೆ ಮೊನ್ನೆ ಪಾಸ್‌ಪೋರ್ಟ್ ಫೋಟೊ ತೆಗೆಸಿಕೊಂಡು ಹೋಗಿದ್ದರು. ಒಬ್ಬರ ಕೋಟನ್ನು ಇನ್ನೊಬ್ಬರಿಗೆ ತೊಡಿಸಿ ಬದುಕಿದ ಸ್ಟುಡಿಯೋ ಅದು. ಒಬ್ಬರ ಕೂದಲನ್ನು ಇನ್ನೊಬ್ಬರಿಗೆ ಹಾಕುವಾಗ ಅವನ ಕೈಗೆ ಅಳುಕಾಗಲಿಲ್ಲ.

ಫೋಟೊವನ್ನು ಮೇಲಿನ ಬಾಗಿಲ ಬಳಿ ಸ್ಟೂಲಿನ ಮೇಲೆ ಇಟ್ಟರು. ಪಕ್ಕದಲ್ಲಿ ಬಿಳಿ ಹೂ.

"ಥೇಟ್ ಅವಳೇ," ಎಂದರು ದೊಡ್ಡಪ್ಪ. ಮಗು ಕಾಯಿಲೆ ಬಿದ್ದ ಮೇಲೆ ಈ ಮನೆಯ ಮೆಟ್ಟಿಲು ಹತ್ತಿದ್ದು ಅವರು ಇದೇ ಮೊದಲು. "ಕಣ್ಣಿಗೆ ಕಟ್ಟಿದ ಹಾಗಿದೆ ನೋಡು. ಈಗ ಬಾಯಿ ತೆಗೆದು ಮಾತಾಡ್ತಾಳೇನೋ ಅನ್ಸುತ್ತೆ."

"ಬಾಯಿ ತೆಗೆದಿದ್ರೆ ಮೊದಲು ನಿಮ್ಮನ್ನೇ ಕೇಳ್ತಿದ್ಲು, ಇಷ್ಟು ದಿನ ಎಲ್ಲಿದ್ರಿ ಅಂತ," ಎಂದಳು ಅತ್ತೆ, ಅವರ ತಂಗಿ. "ಸುಮ್ನೆ ಮೆಣಸು ಅಂತ ಕರೀತಿದ್ವಾ ಅವಳನ್ನ?"

ಟೈಪಿಂಗ್ ಟೀಚರೂ ಬಂದಿದ್ದರು. ಫೋಟೊದ ಮುಂದೆ ತುಸು ಹೆಚ್ಚೇ ಹೊತ್ತು ನಿಂತರು. ಕಣ್ಣೊರೆಸಿಕೊಂಡು, "ಎಂಥಾ ಕೂದಲಿತ್ತು ಮಗೂಗೆ," ಎಂದರು. ಅವರ ಕೈ ತಾನಾಗಿ ತಮ್ಮ ತುರುಬಿಗೆ ಹೋಯಿತು. ಅಪ್ಪ ಗೋಡೆಯ ಕಡೆ ತಿರುಗಿಕೊಂಡ.

ಅಮ್ಮ ಫೋಟೊವನ್ನು ಒಮ್ಮೆ ನೋಡಿದ್ದಳು. ಆಮೇಲೆ ಎದ್ದು, ತನ್ನ ಕುರ್ಚಿಯನ್ನು ಅದಕ್ಕೆ ಬೆನ್ನು ಮಾಡಿ ಹಾಕಿಕೊಂಡು ಕೂತಳು.

*

ಸ್ಟುಡಿಯೋದಲ್ಲಿ ಒಂದು ಕಟ್ಟಳೆ ಇತ್ತು. ಮೊಡವೆ ತೆಗೆಯಬಹುದು, ಮಚ್ಚೆ ತೆಗೆಯುವಂತಿಲ್ಲ. ಮೊಡವೆ ಬಂದು ಹೋಗುವ ನೆಂಟ, ಮಚ್ಚೆ ಮನೆಯ ಮಗ. ಮಗಳಿಗೆ ಮೌಸು ಹಿಡಿಯಲು ಬಂದಾಗ ಅಪ್ಪ ಹೇಳಿಕೊಟ್ಟ ಮೊದಲ ಪಾಠ ಅದು. ಅವಳು ಗಿರಾಕಿಗಳ ಮುಖವನ್ನು ಎದುರಿಗೇ ವಿಂಗಡಿಸುತ್ತಿದ್ದಳು. "ಅಂಕಲ್, ಇದು ನೆಂಟ, ಓಡಿಸ್ತೀನಿ. ಇದು ಮಾತ್ರ ನಿಮ್ಮದೇ, ಸಾಕ್ಕೊಳಿ."

ಔಷಧ ಇನ್ನು ನಾಟುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಅವಳು ಆಸ್ಪತ್ರೆ ಬಿಟ್ಟು ಮನೆಗೆ ಬಂದಳು. ಬಂದವಳು ಮೇಲಿನ ಮಂಚಕ್ಕಿಂತ ಕೆಳಗಿನ ತಿರುಗುವ ಕುರ್ಚಿಯಲ್ಲೇ ಹೆಚ್ಚು ಕೂತಳು. ತಲೆ ನುಣ್ಣಗಿತ್ತು. ಗಿರಾಕಿಗಳು ಎಲ್ಲಿ ನೋಡುವುದೆಂದು ತಿಳಿಯದೆ ಕಕ್ಕಾಬಿಕ್ಕಿಯಾಗುತ್ತಿದ್ದರು. "ಕ್ಯಾಮೆರಾ ನೋಡಿ, ಸಾಕು," ಎನ್ನುತ್ತಿದ್ದಳು.

ಒಂದು ಸಂಜೆ ಕೆಲಸವಿಲ್ಲದೆ ಇಬ್ಬರೂ ಕೂತಿದ್ದಾಗ ಕೇಳಿದಳು, "ಅಪ್ಪ, ನನ್ನ ಬೋಳು ಮೊಡವೇನಾ, ಮಚ್ಚೇನಾ?"

"ಮೊಡವೆ," ಎಂದ ಅವನು, ಯೋಚಿಸದೆ.

"ಅಂದ್ರೆ ಹೋಗುತ್ತೆ."

"ಹೋಗುತ್ತೆ."

"ನಾನು ಅದಕ್ಕಿಂತ ಮುಂಚೆ ಹೋಗ್ತೀನಲ್ಲಪ್ಪ. ಲೆಕ್ಕ ತಪ್ಪಿತು ನಿಂದು."

ಅವನು ಲೆನ್ಸು ಒರೆಸತೊಡಗಿದ. ಅವಳು ಎದ್ದು ಹೋಗಿ ಬಿಳಿ ಪರದೆಯ ಮುಂದಿನ ಸ್ಟೂಲಿನ ಮೇಲೆ ಕೂತಳು. "ಬಾ, ತೆಗಿ. ತೆಗೆದ ಮೇಲೆ ಕೈ ಇಡಬಾರದು. ಕಂಪ್ಯೂಟರಿಗೆ ಹಾಕಿದ್ಮೇಲೆ ನಿನ್ನ ಕೈ ಸುಮ್ಮನಿರಲ್ಲ, ನಂಗೊತ್ತು. ಕಳ್ಳನಿಗೆ ಬೀಗದ ಕೈ ಕೊಟ್ಟ ಹಾಗೆ."

"ಗಲ್ಲ ಸ್ವಲ್ಪ ಕೆಳಗೆ."

"ಇಲ್ಲ. ಗಲ್ಲ ಇಲ್ಲೇ ಇರುತ್ತೆ."

ಅವನು ತೆಗೆದ. ತೆಗೆದದ್ದನ್ನು ಅವಳು ನೋಡಿ, "ಪರವಾಗಿಲ್ಲ, ಕೋಳಿಮರಿ ಥರ ಇದೀನಿ. ಆದ್ರೆ ಸಿಟ್ಟಿರೋ ಕೋಳಿಮರಿ," ಎಂದಳು. ಅವಳು ಆಚೆ ಹೋದ ಮೇಲೆ ಅವನು ಆ ಫೋಟೊವನ್ನು ತೆರೆಯಲೇ ಇಲ್ಲ. ಈ ಬೆಳಿಗ್ಗೆ ಕೂಡ ಅದರಿಂದ ಕಣ್ಣುಗಳನ್ನಷ್ಟೆ ಕತ್ತರಿಸಿಕೊಂಡು ಥಟ್ಟನೆ ಮುಚ್ಚಿದ್ದ.

*

ಅಪ್ಪ ಸ್ಟುಡಿಯೋದ ಮುಂದೆ ನಿಂತು ವ್ಯಾನಿನ ದಾರಿ ಕಾಯುತ್ತಿದ್ದಾಗ, ಹುಡುಗನೊಬ್ಬ ಓಡಿಸಿಕೊಂಡು ಬಂದ ಬೈಕಿನಿಂದ ಒಬ್ಬ ಹುಡುಗಿ ಇಳಿದಳು. ಮಗಳದೇ ವಯಸ್ಸು. ಬಿಸಿಲಿನಲ್ಲೂ ಉಣ್ಣೆಯ ಟೋಪಿ, ಕೈಯಲ್ಲಿ ಹೂವು. ಬೋರ್ಡು ಓದಿಕೊಂಡು ಮೆಟ್ಟಿಲು ಹತ್ತಿದಳು. ಹತ್ತಿದಷ್ಟೇ ಬೇಗ ಇಳಿದಳು.

"ಅಂಕಲ್, ಈ ಬೀದೀಲಿ ಇನ್ನೊಂದು ಸ್ಟುಡಿಯೋ ಇದೆಯಾ?"

"ಇಲ್ಲ. ಯಾಕಮ್ಮ?"

"ನನ್ನ ಫ್ರೆಂಡ್ ತೀರ್ಕೊಂಡಿದಾಳೆ. ಅವಳ ಮನೆ ಸ್ಟುಡಿಯೋ ಮೇಲೇ ಇರೋದು ಅಂತಿದ್ಲು. ಇಲ್ಲಿ ಬೇರೆ ಯಾರೋ ಹೋಗಿದಾರೆ, ಪಾಪ." ಅವಳು ಆಗಲೇ ಬೈಕಿನ ಕಡೆ ತಿರುಗಿದ್ದಳು. "ಅಣ್ಣ, ಇದಲ್ಲ ಕಣೋ."

ಟೋಪಿ ನೋಡಿದರೆ ಆಸ್ಪತ್ರೆಯ ಗೆಳತಿಯೇ ಇರಬೇಕು, ಆದರೆ ಅವಳಿಗೆ ಇವನ ಗುರುತಿರಲಿಲ್ಲ. ಇರುವುದಾದರೂ ಹೇಗೆ? ವಾರ್ಡಿನೊಳಗೆ ಇರುತ್ತಿದ್ದವಳು ಅಮ್ಮ. ಇವನು ಔಷಧ ತಂದು ಬಾಗಿಲಲ್ಲಿ ಕೊಟ್ಟು, ಗಿರಾಕಿ ಕಾಯ್ತಿದಾರೆ ಎಂದು ಹೊರಟುಬಿಡುತ್ತಿದ್ದ. ಈಗಲೂ ಸುಮ್ಮನಿದ್ದರೆ ಹುಡುಗಿ ಹೊರಟುಹೋಗುತ್ತಾಳೆ, ಬೀದಿಯೆಲ್ಲ ಸುತ್ತಿ ಮನೆ ಸಿಗಲಿಲ್ಲವೆಂದು ಹಿಂದಿರುಗುತ್ತಾಳೆ. ಫೋಟೊ ಅಲ್ಲೇ ಇರುತ್ತದೆ, ಕೇಳುವವರಿಲ್ಲ. ಬೈಕು ಗುರ್ ಎಂದಿತು.

"ನಿಲ್ಲಮ್ಮ," ಎಂದ. "ಇದೇ ಮನೆ. ನಾನು ಅವಳಪ್ಪ."

ಹುಡುಗಿ ಅವನನ್ನೂ ಮೆಟ್ಟಿಲನ್ನೂ ನೋಡಿದಳು. "ಮೇಲಿರೋ ಫೋಟೊ?"

"ಅವಳದೇ."

"ಆ ಕೂದಲು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಟೈಪಿಂಗ್ ಟೀಚರದು."

ಅವಳಿಗೆ ನಗು ಬಂದುಬಿಟ್ಟಿತು. ಬಾಯಿಗೆ ಕೈ ಅಡ್ಡ ಹಿಡಿದಳು, ನಿಲ್ಲಲಿಲ್ಲ. ನಗು ನಗುತ್ತಲೇ ಅಳುವಾಯಿತು. "ಸಾರಿ ಅಂಕಲ್. ಅವಳು ಇದನ್ನ ನೋಡಿದ್ರೆ... ವಾರ್ಡಲ್ಲಿ ಒಂದು ಸ್ಪರ್ಧೆ ಇಟ್ಟಿದ್ಲು, ಗೊತ್ತಾ? ಯಾರ ಬುರುಡೆ ಚೆಂದ ಅಂತ. ತಾನೇ ಜಡ್ಜು, ತಾನೇ ಫಸ್ಟು. ನನಗೆ ಸಮಾಧಾನದ ಬಹುಮಾನ. ನಾವು ಒಬ್ಬರನ್ನೊಬ್ಬರು ಮೊಟ್ಟೆ ಅಂತಲೇ ಕರೀತಿದ್ದಿದ್ದು. ಕೂದಲಿರೋ ಅವಳನ್ನ ನಾನು ನೋಡೇ ಇಲ್ಲ."

ಅಪ್ಪನಿಗೆ ಆ ಸ್ಪರ್ಧೆಯ ಸುದ್ದಿ ಗೊತ್ತಿರಲಿಲ್ಲ. ಅಂಥವು ಇನ್ನೆಷ್ಟೋ.

"ಟೋಪಿ ತೆಗೀಬಹುದಲ್ಲಮ್ಮ, ಸೆಖೆ," ಎಂದ, ಏನಾದರೂ ಹೇಳಬೇಕೆಂದು.

"ಬೇಡ ಅಂಕಲ್." ತಲೆ ತಗ್ಗಿಸಿದಳು. "ನಂದು ಬೆಳೀತಾ ಇದೆ. ಆಂಟಿ ಎದುರಿಗೆ ಹೇಗೆ ಬರೋದು ಅದನ್ನ ಇಟ್ಕೊಂಡು?"

"ಎಲ್ಲಿ, ನೋಡೋಣ."

ಅದು ಅಮ್ಮನ ದನಿ. ಯಾವಾಗಲೋ ಮೆಟ್ಟಿಲಿಳಿದು ಹಿಂದೆ ಬಂದು ನಿಂತಿದ್ದಳು. ಟೋಪಿಯನ್ನು ತಾನೇ ಎಳೆದು ತೆಗೆದಳು. ಎಳೆ ಹುಲ್ಲಿನಂತೆ ಮೇಲೆದ್ದಿದ್ದ ಕೂದಲ ಮೇಲೆ ಅಂಗೈಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದಳು. "ದಟ್ಟವಾಗಿ ಬರ್ತಿದೆ. ಎಣ್ಣೆ ಹಚ್ಚಲ್ವೇನೆ ಸೋಮಾರಿ?" ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು. "ಆ ಬೋಳು ತಲೆಗೆ ದಿನಾ ಎಣ್ಣೆ ಹಚ್ಚಿದವಳು ನಾನು. ಎಲ್ಲಿ ತಗ್ಗು, ಎಲ್ಲಿ ಉಬ್ಬು, ಕಣ್ಣು ಮುಚ್ಚಿ ಹೇಳ್ತೀನಿ. ಮೇಲೆ ಕೂತಿರೋ ಹುಡುಗಿ ಯಾರೋ ನನಗೆ ಗೊತ್ತಿಲ್ಲ. ನೀವು ತೆಗೀತೀರೋ, ನಾನೇ ತೆಗೀಲೋ?"

ಮೇಲಿನಿಂದ ದೊಡ್ಡಪ್ಪ ಇಣುಕಿದರು. "ಏನಮ್ಮಾ ಅದು? ಬಂದವರ ಮುಂದೆ ಬೋಳು ತಲೆ ಇಡೋಕಾಗುತ್ತಾ? ನಾಲ್ಕು ಜನ ಏನಂತಾರೆ?"

"ನಾಲ್ಕು ಜನ ವಾರ್ಡಿಗೆ ಬಂದಿದ್ರೆ ಅಲ್ಲೇ ನೋಡಿರ್ತಿದ್ರು," ಎಂದಳು ಅಮ್ಮ. ದೊಡ್ಡಪ್ಪನ ತಲೆ ಒಳಗೆ ಹೋಯಿತು.

ಆ ಮಾತು ತನಗೂ ಸೇರಿದ್ದೆಂದು ಅಪ್ಪನಿಗೆ ತಿಳಿಯಿತು. ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತ. ಇಬ್ಬರೂ ಹಿಂಬಾಲಿಸಿ ಬಂದು ಬೆನ್ನ ಹಿಂದೆ ನಿಂತರು.

ಆ ಸಂಜೆ ತೆಗೆದ ಫೋಟೊ ತೆರೆದುಕೊಂಡಿತು. ನುಣ್ಣನೆಯ ತಲೆ, ಕಿವಿಯ ಮೇಲೆ ಒಂದು ನೀಲಿ ನರ, ಒಡೆದ ತುಟಿ. ಹುಬ್ಬಿದ್ದ ಜಾಗ ಮೇಲಕ್ಕೆದ್ದಿತ್ತು, ಗಿರಾಕಿಯನ್ನು ಗದರಿಸುವಾಗಿನಂತೆ. ಗಲ್ಲ ಅಲ್ಲೇ ಇತ್ತು. ಅವನಿಗೇ ಗೊತ್ತಿಲ್ಲದಂತೆ ಅವನ ಕೈ ಮೌಸಿಗೆ ಹೋಗಿ, ಬಾಣದ ಗುರುತು ಒಡೆದ ತುಟಿಯ ಹತ್ತಿರಕ್ಕೆ ಸರಿಯಿತು. ಒಂದೇ ಒಂದು ಸಲ ಒತ್ತಿದ್ದರೆ ತುಟಿ ಕೂಡಿಕೊಳ್ಳುತ್ತಿತ್ತು.

ಅವನು ಕುರ್ಚಿಯಿಂದ ಎದ್ದ. "ನೀನು ಕೂತ್ಕೊಳಮ್ಮ," ಎಂದ ಹುಡುಗಿಗೆ. "ನೀನೇ ಒತ್ತು. ಪ್ರಿಂಟ್ ಅಂತ ಇದೆಯಲ್ಲ, ಅದು."

ಅವಳು ಒತ್ತಿದಳು. ಮೂಲೆಯ ಯಂತ್ರ ಗೊರಗೊರ ಎಂದು ಕಾಗದ ಎಳೆದುಕೊಂಡಿತು. ಹೊರಗೆ ಯಾರೋ ವ್ಯಾನು ಬಂತೆಂದರು. ಮೆಟ್ಟಿಲ ಮೇಲೆ ಕಾಲುಗಳ ಸದ್ದು ಧಡಧಡ ಕೆಳಗಿಳಿಯಿತು. ಮೂವರಲ್ಲಿ ಯಾರೂ ಅಲ್ಲಾಡಲಿಲ್ಲ.

ಮೊದಲು ನೆತ್ತಿ ಬಂತು. ಬೋಳು, ದುಂಡಗೆ, ಹಸಿ ಮಸಿಯಿಂದ ಹೊಳೆಯುತ್ತ. ಯಂತ್ರ ಒಂದು ಕ್ಷಣ ನಿಂತು ಉಸಿರೆಳೆದುಕೊಂಡು ಮತ್ತೆ ನೂಕಿತು. ಹಣೆ ಬಂತು. ಅಪ್ಪ ಮಂಡಿಯೂರಿ, ಎರಡೂ ಅಂಗೈಗಳನ್ನು ಬಟ್ಟಲು ಮಾಡಿ ಕೆಳಗೆ ಒಡ್ಡಿದ.

"ನಿಧಾನ," ಎಂದಳು ಅಮ್ಮ. "ತಲೆ ಹಿಡ್ಕೊಳ್ಳಿ."