ಹುಚ್ಚೇಶಪ್ಪನ ದಾಡಿ ಬಟ್ಟಲು

ಇಳಕಲ್ಲಿನ ಕಾಳಪ್ಪ ಬಡಿಗೇರ ಮಗ್ಗದ ಲಾಳಿ ಮಾಡುವವನು. ಲಾಳಿಯ ಮೈಮೇಲೆ ಒಂದಿಷ್ಟು ತೊಡಕು ಉಳಿದರೂ ರೇಷ್ಮೆ ಎಳೆ ಪಟ್ಟನೆ ಹರಿಯುತ್ತದೆ, ನೇಕಾರ ಬಂದು ಮನೆ ಮುಂದೆ ನಿಂತು ಬಾಯಿಗೆ ಬಂದಂತೆ ಬೈಯುತ್ತಾನೆ. ಹಾಗಾಗಿ ಯಾವ ಕಟ್ಟಿಗೆ ಕೈಗೆ ಬಂದರೂ ಕಾಳಪ್ಪನ ಹೆಬ್ಬೆರಳು ಮೊದಲು ಅದರ ಮೈ ಸವರಿ, ಎಲ್ಲಿ ಉಬ್ಬಿದೆ ಎಲ್ಲಿ ತಗ್ಗಿದೆ ಎಂದು ಹುಡುಕುತ್ತಿತ್ತು. ಸಿಕ್ಕಿತೋ, ಅದನ್ನು ನುಣ್ಣಗೆ ಮಾಡುವವರೆಗೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಪಾವರ್‌ಲೂಮ್ ಬಂದು ಕೈಮಗ್ಗದ ಸದ್ದು ಅಡಗಿದ ಮೇಲೆ ಲಾಳಿ ಕೇಳುವವರು ಕಡಿಮೆಯಾದರು. ಅದೇ ಹೊತ್ತಿಗೆ ಆಲಮಟ್ಟಿಯ ಹಿನ್ನೀರು ಬಾಗಲಕೋಟೆಯ ಹಳೆ ಊರೊಳಗೆ ಬಂತು. ನವನಗರಕ್ಕೆ ಹೊರಟ ಜನ ಅಟ್ಟದ ಮೇಲಿನ ಹಳೆ ತಟ್ಟುಮುಟ್ಟನ್ನೆಲ್ಲ ಸಿಕ್ಕ ರೇಟಿಗೆ ಮಾರಿದರು. ಬಾದಾಮಿಯಲ್ಲಿ ಹಳೆ ಸಾಮಾನಿನ ಅಂಗಡಿ ಇಟ್ಟಿದ್ದ ನಬಿಸಾಬ ಅದನ್ನು ಚೀಲಗಟ್ಟಲೆ ಎತ್ತಿಕೊಂಡು ಬಂದ. ಅದರಲ್ಲಿ ದಾಡಿ ಸಾಬೂನಿನ ಕಟ್ಟಿಗೆ ಬಟ್ಟಲುಗಳೂ ಇದ್ದವು, ಮುಚ್ಚಳದ ಮೇಲೆ ಬಣ್ಣದ ಚೀಟಿ ಅಂಟಿಸಿದವು. ಗುಹೆ ನೋಡಲು ಬಂದ ಪರದೇಶದವರು ಅವನ್ನು ಕಂಡರೆ ಬಿಡುತ್ತಿರಲಿಲ್ಲ. ಒಡೆದದ್ದನ್ನು ಕೂಡಿಸಿ, ಹರಿದ ಚೀಟಿಯನ್ನು ಹೊಂದಿಸಿ, ಅರಗು ಹಚ್ಚಿ ಹೊಳಪು ಕೊಡುವ ಕೆಲಸ ಕಾಳಪ್ಪನಿಗೆ ಬಂತು. ಮುಖಕ್ಕೆ ಹಚ್ಚುವ ಬುರುಗಿಗೆ ಇಷ್ಟು ಚಂದದ ಮನೆ ಯಾಕೆ ಬೇಕಿತ್ತೋ ಎಂದು ನಗುತ್ತಲೇ ಆ ಕೆಲಸವನ್ನೂ ಅವನು ಕೈವಶ ಮಾಡಿಕೊಂಡ.

ಈ ಸುದ್ದಿ ಕೇಳಿಯೇ ಶಿವಲಿಂಗವ್ವ ಬಂದದ್ದು. ಅವಳ ಗಂಡ ಹುಚ್ಚೇಶಪ್ಪ ಒಂದು ಕಾಲಕ್ಕೆ ಸೀರೆಯ ಸೆರಗು ನೇಯುವುದರಲ್ಲಿ ಎತ್ತಿದ ಕೈ. ಕಾಳಪ್ಪ ಮಾಡಿದ ಲಾಳಿ ಬಿಟ್ಟು ಬೇರೆಯವರದನ್ನು ಮುಟ್ಟಿದವನಲ್ಲ. ಇಬ್ಬರೂ ಅಣ್ಣ ತಮ್ಮ ಎಂದೇ ಕರೆದುಕೊಂಡು ಮುದುಕರಾದವರು. ಈಗ ಸಕ್ಕರೆ ಕಾಯಿಲೆ ಅವನ ಎರಡೂ ಕಣ್ಣು ನುಂಗಿತ್ತು, ಅದರ ಬೆನ್ನಿಗೆ ಮರೆವು ಬಂದು ಕೂತಿತ್ತು. ಸ್ವಂತ ಮಗ ಪ್ರಭುವನ್ನೇ ಒಮ್ಮೊಮ್ಮೆ “ಯಾರಪಾ ನೀ, ಯಾ ಊರು” ಎಂದು ಕೇಳುತ್ತಿದ್ದ.

ಶಿವಲಿಂಗವ್ವ ಸೆರಗಿನ ಗಂಟು ಬಿಚ್ಚಿದಳು. ಎರಡು ಹೋಳಾದ ಬಟ್ಟಲು, ಬಿರುಕು ಬಿಟ್ಟ ಮುಚ್ಚಳ, ಕುಬುಸದ ಬಟ್ಟೆಯಲ್ಲಿ ಚೀಟಿಯ ಚೂರುಗಳು.

“ಬಚ್ಚಲದಾಗ ಬಿದ್ದು ಒಡೀತು ಕಾಳಪ್ಪಾ. ಇದನ್ನ ಕೈಯಾಗ ಕೊಟ್ರ ಸಾಕು, ತೊಡಿಮ್ಯಾಲಿಟ್ಕೊಂಡು ಸುಮ್ಮ ಕುಂದರತಿದ್ರು. ಪ್ರಭು ದಾಡಿ ಮಾಡ್ತಿದ್ದ. ಈಗ ಬ್ಲೇಡ್ ಮುಟ್ಟಿಸಿದ್ರ ಸಾಕು, ಕೈ ಬೀಸ್ತಾರ. ಹಂಗ ಬೀಸಿ ಗದ್ದ ಕೊಯ್ಕೊಂಡಾರ. ಸಕ್ರಿ ಮೈ, ಗಾಯ ಮಾಯವಲ್ದು. ಮ್ಯಾಲೆ ದಾಡಿ ಬೆಳದು ಒಳಗ ಕೀವಾಗೇತಿ.”

“ದವಾಖಾನ್ಯಾಗ ಏನಂದ್ರು ವೈನಿ?”

“ಬೋಳಿಸಿ ಔಷಧ ಹಚ್ಚಲೇಬೇಕಂತ. ಕೇಳದಿದ್ರ ಕೈ ಕಟ್ಟಿ ಬೋಳಿಸ್ರಿ ಅಂದ್ರು.” ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. “ಸೀರಿ ನೇಯ್ದ ಕೈ ಅವು. ಅವನ್ನ ಹೆಂಗ ಕಟ್ಟೂದು? ನೀ ಇದನ್ನ ಮದಲಿನಂಗ ಮಾಡಿಕೊಡಪಾ. ಹಂಸ ಮಾತ್ರ ಕೆಡಬಾರದು ನೋಡು. ನನ್ನ ಮದಿವ್ಯಾದ ವರ್ಷ ಸೊಲ್ಲಾಪುರದಾಗ ತಗೊಂಡಿದ್ರು.”

ಚೀಟಿಯ ಮೇಲೆ ನೀಲಿ ನೀರಲ್ಲಿ ತೇಲುವ ಬಿಳಿ ಹಂಸ. ಕಾಳಪ್ಪ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟ. ಚೂರುಗಳನ್ನು ತಾಟಿನ ನೀರಲ್ಲಿ ತೇಲಿಬಿಟ್ಟು, ಉಸಿರು ಬಿಗಿಹಿಡಿದು ಒಂದೊಂದನ್ನೇ ಎತ್ತಿ, ಹುಣಸೆ ಬೀಜದ ಅಂಟಿನಿಂದ ಕೂಡಿಸಿದ. ಹಂಸದ ಕೊಕ್ಕು ಕಳೆದುಹೋಗಿತ್ತು, ತಾನೇ ಬಣ್ಣ ಕಲಸಿ ಬರೆದ. ಅಷ್ಟು ಕಷ್ಟ ಅವನು ನಬಿಸಾಬನ ಯಾವ ಬಟ್ಟಲಿಗೂ ಪಟ್ಟಿರಲಿಲ್ಲ. ಮೇಲೆ ಬೆಣ್ಣೆಕಾಗದ ಹಾಕಿ ಅದುಮಿದಾಗ ಹಂಸ ಇನ್ನೇನು ಈಜುತ್ತದೆ ಅನ್ನುವಂತಿತ್ತು.

ಬಟ್ಟಲಿನ ಕೆಲಸ ಅವನಿಗೆ ಕೆಲಸವೇ ಅಲ್ಲ. ಹೋಳು ಕೂಡಿಸಿದ, ಬಿಗಿದು ಕಟ್ಟಿ ಒಣಗಿಸಿದ. ಹೆಬ್ಬೆರಳು ಎಂದಿನಂತೆ ಸುತ್ತು ಹಾಕಿತು. ಬಾಯಂಚಿನಲ್ಲಿ ಒಂದು ಕಡೆ ತಗ್ಗು ಸಿಕ್ಕಿತು. ಏನು ಎತ್ತ ಎಂದು ಅವನು ಯೋಚಿಸಲಿಲ್ಲ. ಹರಟೆಗೆ ಬಂದು ಕೂತವರಿಗೆ ನಬಿಸಾಬನ ಸುದ್ದಿ ಹೇಳುತ್ತಾ ಪಾಲಿಶ್ ಕಾಗದ ತಗೊಂಡು ಅಂಚನ್ನು ಸುತ್ತಲೂ ಒಂದೇ ಸಮ ಮಾಡಿದ. ಆ ನಾಲ್ಕು ಜನ ಕತೆ ಕೇಳುತ್ತಾ ಚಹಾ ಕುಡಿಯುತ್ತಿದ್ದರು, ಒಬ್ಬನಾದರೂ ಅವನ ಕೈ ಹಿಡಿದು ತಡೆಯಬಾರದಿತ್ತೆ. ಯಾರಿಗೂ ಏನೂ ಗೊತ್ತಿರಲಿಲ್ಲ.

ಮನೆಗೆ ಒಯ್ದು ಕೊಟ್ಟಾಗ ಶಿವಲಿಂಗವ್ವ ಹಂಸವನ್ನು ನೋಡಿ ಕಣ್ಣೀರು ಹಾಕಿದಳು. ಕಾಳಪ್ಪನಿಗೆ ಒಳಗೊಳಗೇ ಹೆಮ್ಮೆ. ಪ್ರಭು ಬಿಸಿನೀರು, ಬ್ರಶ್ ತಂದಿಟ್ಟು, ಬಟ್ಟಲನ್ನು ಅಪ್ಪನ ಕೈಗೆ ಕೊಟ್ಟ.

ಹುಚ್ಚೇಶಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡ. ಅವನ ಹೆಬ್ಬೆರಳು ಅಂಚಿನ ಮೇಲೆ ಹರಿಯತೊಡಗಿತು. ಒಂದು ಸುತ್ತು ಬಂತು, ನಿಲ್ಲಲಿಲ್ಲ. ಮತ್ತೆ ಸುತ್ತಿತು. ಬಟ್ಟಲನ್ನು ತಿರುಗಿಸಿ ಆಚೆ ಕಡೆಯಿಂದ ಹುಡುಕಿದ. ಆಮೇಲೆ ಅದನ್ನು ಮೆಲ್ಲಗೆ ನೆಲಕ್ಕಿಟ್ಟು ದೂರ ಸರಿಸಿದ.

“ಯಾರದೋ ಸಾಮಾನ ಇದು. ಮಂದೀದು ನಮಗ್ಯಾಕ, ಕೊಟ್ಟು ಬರ್ರಿ.”

“ಅಪ್ಪಾ, ನಿಂದ ಐತಿ,” ಎಂದ ಪ್ರಭು. ಮತ್ತೆ ತಾನೇ ಎತ್ತಿಕೊಂಡು ಅಂಚು ಮುಟ್ಟಿ ನೋಡಿದ. “ಕಾಕಾ, ಇಲ್ಲೊಂದು ತಗ್ಗ ಇತ್ತಲ್ರಿ. ಅಪ್ಪ ದಿನಾ ಹೆಬ್ಬಟ್ಟ ಊರಿ ಹಿಡದು ಹಿಡದು ಬಿದ್ದಿದ್ದು?”

ಕಾಳಪ್ಪ ಬಟ್ಟಲನ್ನು ಇಸಕೊಂಡು ತಾನೇ ನುಣ್ಣಗೆ ಮಾಡಿದ್ದ ಅಂಚನ್ನು ಸವರಿದ. ಶಿವಲಿಂಗವ್ವ ಆ ಬಟ್ಟಲನ್ನು ಕಣ್ಣಿಂದ ನೋಡಿದವಳು, ಹಂಸ ಉಳಿಯಲಿ ಅಂದಳು. ಕಣ್ಣಿಲ್ಲದವನಿಗೆ ಹಂಸ ಯಾಕೆ ಎಂದು ಹೆಬ್ಬೆರಳಿಂದಲೇ ಬದುಕುವ ತನಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಬಟ್ಟಲನ್ನು ಎತ್ತಿಕೊಂಡು ಬಂದು ಅರದಿಂದ ಅಂಚಿನಲ್ಲಿ ತಗ್ಗು ಕೊರೆದ. ಹುಚ್ಚೇಶಪ್ಪ ಮುಟ್ಟಿ ನೋಡಿ ತಲೆ ಅಲ್ಲಾಡಿಸಿದ. ಕಾಳಪ್ಪ ಆ ಜಾಗ ಕೆತ್ತಿ ಬೇರೆ ಚಕ್ಕೆ ಕೂಡಿಸಿ, ತನ್ನ ಬೆರಳನ್ನೇ ಅಳತೆಗಿಟ್ಟು, ತಾಸುಗಟ್ಟಲೆ ಬೆರಳಿಂದಲೇ ಉಜ್ಜಿದ. ಅದಕ್ಕೂ ತಲೆ ಅಲ್ಲಾಡಿತು. ಇಡೀ ಬದುಕಿನ ಮುಂಜಾನೆಗಳು ಸವೆಸಿದ್ದನ್ನು ಎರಡು ವಾರದಲ್ಲಿ ಯಾರು ಸವೆಸಿಯಾರು? ಅಷ್ಟರಲ್ಲಿ ಗದ್ದದ ಬಾವು ಕುತ್ತಿಗೆಗೆ ಇಳಿದಿತ್ತು, ರಾತ್ರಿಯೆಲ್ಲ ಜ್ವರ. ಇನ್ನು ತಡೆದರೆ ಜೀವಕ್ಕೆ ಬರುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದರು.

ಶಿವಲಿಂಗವ್ವ ಹಗ್ಗ ಬೇಡ ಎಂದು ಹಟ ಹಿಡಿದಳು. ಹಾಗಾಗಿ ಕೈ ಹಿಡಿಯಲು ಕಾಳಪ್ಪನೇ ಹಿಂದೆ ಕೂತ. ಎರಡೂ ಮುಂಗೈಗಳನ್ನು ಅವನು ಅವುಚಿ ಹಿಡಿದ, ಪ್ರಭು ಗದ್ದಕ್ಕೆ ಬ್ಲೇಡ್ ಇಟ್ಟ. ಹುಚ್ಚೇಶಪ್ಪ ಕೊಸರಿದ. ಆ ಒಣಕಲು ತೋಳಿನಲ್ಲಿ ಅಷ್ಟು ಕಸುವು ಎಲ್ಲಿತ್ತೋ, ಕಾಳಪ್ಪ ಇದ್ದ ಬಲವನ್ನೆಲ್ಲ ಹಾಕಬೇಕಾಯಿತು. ಅಳು ಬರುತ್ತಿತ್ತು, ಆದರೆ ಹಿಡಿತ ಸಡಿಲ ಬಿಡುವಂತಿರಲಿಲ್ಲ.

“ನಾನು, ನಾ ಅದೀನಿ ಅಣ್ಣಾ,” ಎಂದ.

ಹುಚ್ಚೇಶಪ್ಪ ಆ ದನಿಯನ್ನು ಗುರುತಿಸಲಿಲ್ಲ. ಕೊಸರಾಡಿ ದಣಿದು, ಏದುಸಿರಿನಲ್ಲಿ ಹೆಂಡತಿ ಇದ್ದ ಕಡೆ ಮುಖ ತಿರುಗಿಸಿದ.

“ಶಿವಲಿಂಗವ್ವಾ, ಯಾರೋ ನನ್ನ ಕೈ ಹಿಡದಾರ ನೋಡು. ನಮ್ಮ ಕಾಳಪ್ಪನ್ನ ಕರದು ಬಾ. ಅಂವಾ ಬಂದ್ರ ಬಿಡಿಸ್ತಾನ.”

ಶಿವಲಿಂಗವ್ವ ಕಾಳಪ್ಪನ ಮುಖ ನೋಡಲಿಲ್ಲ. “ಹೂಂ, ಹೇಳಿ ಕಳಿಸೇನ್ರಿ,” ಎಂದಳು.

“ಬರ್ತಾನ ಅಂವಾ,” ಎಂದು ಹುಚ್ಚೇಶಪ್ಪ ಬಾಗಿಲ ಕಡೆ ಕಿವಿಗೊಟ್ಟು ಕೂತ. ಕಾಳಪ್ಪ ಕೈ ಬಿಡಲಿಲ್ಲ, ಇನ್ನೂ ಅರ್ಧ ಮುಖ ಬಾಕಿ ಇತ್ತು.